ನಕಾಶೆಯ ತೂತು

ಮೂವತ್ತೊಂದು ವರ್ಷ ಬೆಟಗೇರಿ ಹೆಣ್ಣುಮಕ್ಕಳ ಸಾಲ್ಯಾಗ
ಭೂಗೋಳ ಕಲಿಸಿದೆ. ಗೋವಾ ದಾಟಿಲ್ಲ.
ಚಿಲಿ ದೇಶ ಹ್ಯಾಂಗದ ಹೇಳ್ರಿ ಅಂದ್ರ
ಬ್ಯಾಡಗಿ ಮೆಣಸಿನಕಾಯಿ ಹಾಂಗ್ರೀ ಅಕ್ಕೋರ,
ಉದ್ದ, ಸಣ್ಣ, ಅಂಚೆಲ್ಲ ಸುಕ್ಕು,
ಅರವತ್ತು ಕೊರಳು ಒಮ್ಮೆಲೆ.
ಪರೀಕ್ಷಾದಾಗ ಇದಕ್ಕ ಮಾರ್ಕು ಇರಲಿಲ್ಲ.

ನಕಾಶೆ ಹೊತ್ತು ತರಾಕಿ ಖಾತೂನಬಿ.
ಗಂಟಿ ಹೊಡದು, ಸುರುಳಿ ಬಗಲಾಗಿಟ್ಟು
ಬಾಗಿಲಾಗ ನಿಂತರ ಇಡೀ ಖಂಡ ನಿಂತಾಂಗ.
ಮೊಳಿಗೆ ತೂಗಹಾಕಿ, ಕೆಳಗಿನ ಕೋಲು ಹಿಡಕೊಂಡು
ಪಾಠ ಮುಗಿಯೂತನ ಹಾರದಂಗ ಕಾಯತಿದ್ದಳು.
ಗದಗಿನ ಗಾಳಿ. ಗೊತ್ತಿದ್ದವರಿಗೆ ಗೊತ್ತು.

ಆ ನಕಾಶೆಯ ತಳದಾಗ ಒಂದು ತೂತು,
ಇಲಿ ತಿಂದದ್ದೋ ಹುಳವೋ, ನನಗಿಂತ ಮೊದಲಿಂದು,
ರೂಪಾಯಿ ಬಿಲ್ಲೆಯಷ್ಟು. ಅದರಾಚೆ ಗೋಡಿ ಸುಣ್ಣ.
ವರ್ಷಕ್ಕೊಬ್ಬಾಕಿ ಕೈ ಎತ್ತತಿದ್ದಳು,
ಅಲ್ಲೇನದರೀ ಅಕ್ಕೋರ?
ಅಲ್ಲೇನಿಲ್ಲ, ಕುಂದ್ರು.

ಹೋದ ಜೂನಿನಾಗ ಆಕಿನೂ ನಿವೃತ್ತಿ ಆಗಿ
ಶಾಲು, ಗೋಡಿ ಗಡಿಯಾರದ ಜೋಡಿ
ಸುರುಳಿ ಹೊತಗೊಂಡೇ ನಮ್ಮನಿಗೆ ಬಂದಳು.
ಹಳೇ ಸಾಮಾನಿನ ಹರಾಜಿನ್ಯಾಗ ನಲವತ್ತು ರೂಪಾಯಿ.
ಹಾಸಿ, ತೂತಿನಾಗ ಬೆರಳಿಟ್ಟು ಅಂದಳು,
ಈಗರ ಹೇಳ್ರಿ.

ಹೊಸಾ ಅಟ್ಲಾಸ್ ತೆಗದೆ. ಪುಂಟಾ ಅರೇನಾಸ್.
ಊರು. ಬಂದರು. ಓಣಿ, ದವಾಖಾನಿ,
ಬಟ್ಟಿ ಒಣಾ ಹಾಕೋ ಮಂದಿ,
ಮೂವತ್ತೊಂದು ವರ್ಷ ನಾ ಇಲ್ಲ ಅಂದ ಮಂದಿ.

ನನ್ನ ನಾಕು ತೊಲಿ ಬಳಿ, ಆಕಿ ಎರಡು ಭಿಶಿ.
ಕಾಶಿ ಬಿಟ್ಟೇ? ಅಂತ ನಮ್ಮ ಓಣಿ.
ಮಕ್ಕಾ ಬಿಟ್ಟೇ? ಅಂತ ಆಕಿ ಓಣಿ.
ಅಲ್ಲಿಗೆ ದಾರಿ ಬಲ್ಲವರು ಭಾಳ ಅದಾರ,
ಅಂದು ಎಲಿ ಹಾಕ್ಕೊಂಡಳು ಖಾತೂನಬಿ.

ಗದಗಿನಿಂದ ಮುಂಬೈಕ್ಕ ರೈಲು. ಆಮ್ಯಾಲೆ ನಾಕು ವಿಮಾನ.
ವೀಸಾ ಅರ್ಜ್ಯಾಗ ಪ್ರವಾಸದ ಉದ್ದೇಶ ಕೇಳಿದ್ದರು.
ತಿದ್ದುಪಡಿ ಅಂತ ಬರಿಯೋ ಮನಸಾಗಿತ್ತು.
ಟೂರಿಸಂ ಅಂತ ಬರದೆ.

ಮುಂಜಾನೆ ವಾಕಿಂಗಿನಾಗ ಸ್ಪ್ಯಾನಿಷ್ ಕಲೀತೀವಿ.
ನಮಸ್ಕಾರಕ್ಕ ಅವರು ಬರಿಯೂದು ಹೊಲ, ಅನ್ನೂದು ಓಲಾ.
ಆಕಿ ಹೊಲ ಅಂತನ ಅಂತಾಳ, ಬಿಡೂದಿಲ್ಲ.
ಮೇಜಿಗೆ ಮೇಸಾ. ಇಷ್ಟ ಸರಳ ಇದ್ದರ
ಮೊದಲ ಹೋಗಬಹುದಿತ್ತಲ್ರೀ!

ಕಟಕ ರೊಟ್ಟಿ ತಿಂಗಳಗಟ್ಟಲೆ ಬಾಳತಾವ, ಚಿಂತಿಲ್ಲ.
ತಂಟೆ ಬಂದದ್ದು ಶೇಂಗಾ ಚಟ್ನಿಗೆ.
ಬೀಜ, ಕಾಯಿ, ಪುಡಿ ಏನರ ತರಾಕತ್ತೀರೇನು,
ಮುಚ್ಚಿಡದ ಹೇಳ್ರಿ, ಅಂತದ ಆ ದೇಶದ ಫಾರ್ಮು.
ನಕ್ಕೆ. ಶೇಂಗಾ ಆ ಖಂಡದ್ದು. ಮೆಣಸಿನಕಾಯಿನೂ.
ಯಾರನ್ನೂ ಕೇಳದ ಹಡಗು ಹತ್ತಿ ಬಂದು
ನಮ್ಮ ಒಳ್ಳಿನಾಗ ಕುಂತವು.
ಈಗ ತವರಿಗೆ ಹೋಗಾಕ ಕಾಗದ ಬೇಕಂತ.
ಬರೀರಿ, ಸುಳ್ಳ್ಯಾಕ, ಅಂದಳು. ಬರದೆ: ಅರ್ಧ ಕಿಲೋ.

ನಿನ್ನೆ ಸಂಜಿಮುಂದ ಭಾಳ ಹೊತ್ತು ಸುಮ್ಮನಿದ್ದು
ಒಂದು ಮಾತು ಕೇಳಿದಳು:
ಅಲ್ಲಿ ನಮಾಜಿಗೆ ಯಾಕಡೆ ತಿರಗಲಿ?

ಗ್ಲೋಬು ಇಳಿಸಿ, ಧೂಳ ಒರಸಿ,
ಹೊಲಿಗಿ ದಾರದ ಒಂದು ತುದಿ ಮಕ್ಕಾದ ಮ್ಯಾಲೆ,
ಇನ್ನೊಂದು ತುದಿ ತೂತಿನ ಊರಿಗೆ, ಬಿಗಿ ಹಿಡದೆ.
ಇಲ್ಲಿ ಪಡುವಣ. ಅಲ್ಲಿ ಹೆಚ್ಚುಕಡಿಮಿ ನೆಟ್ಟಗ ಮೂಡಣ.
ಎರಡು ಸಲ ನೋಡಿದೆ. ದಾರ ಬದಲಿಸಿ ಇನ್ನೊಮ್ಮೆ.
ಮೂಡಣ, ಖಾತೂನಬಿ.
ಆಕಿ ಎದ್ದು ಮೂಡಣಕ್ಕ ತಿರಗಿ ನಿಂತು ನೋಡಿದಳು,
ಹೊಸಾ ಚಪ್ಪಲಿ ಕಾಲಿಗೆ ಹೊಂದತಾವೋ ಇಲ್ಲೋ ನೋಡಿದಂಗ.
ಅಲ್ಲಿ ಸಿಕ್ಕದ್ದು ನಮ್ಮನಿ ಬಚ್ಚಲ ಬಾಗಿಲು.

ವೀಸಾ ಇನ್ನೂ ಬಂದಿಲ್ಲ.
ನಡುಮನ್ಯಾಗ ನಕಾಶೆ ಹಾಸೇ ಅದ, ನಾಕು ಮೂಲಿಗೆ
ಅಡಕೊತ್ತು, ಇಸ್ತ್ರಿ ಪೆಟಗಿ, ಎರಡು ತೂಕದ ಕಲ್ಲು.
ತೂತಿನಾಗ ನಮ್ಮ ಕಡಪಾ ಕಲ್ಲಿನ ನೆಲ ಕಾಣತದ.
ಅಟ್ಲಾಂಟಿಕ್ ದಾಟಿ ಬಂದ ಇರುವಿಯೊಂದು
ಅಂಚಿಗೆ ನಿಂತು, ಮೀಸಿ ಆಡಿಸಿ,
ಒಳಗ ಇಳೀತು.
ನಾವಿಬ್ಬರೂ ಚಾ ಆರಿಸಿಕೋತ ನೋಡಾಕತ್ತೀವಿ.