ಕೊನೆಯ ನಾಲ್ಕು ಹಾಳೆ

ಹಾಲಿನ ಲೆಕ್ಕದ ಪುಸ್ತಕದಲ್ಲಿ
ಕೊನೆಯ ನಾಲ್ಕು ಹಾಳೆ ಡಾಡ್ಜ್‌ಗೆ.

ರೇಡಿಯೇಟರ್ ಸೋರಿಕೆ: ಅರಿಶಿನ ಒಂದು ಹಿಡಿ,
ನನ್ನ ಡಬ್ಬಿಯದು, ದುಡ್ಡು ಹಾಕಿಲ್ಲ.
ಕಾರ್ಬೊರೇಟರ್. ಮತ್ತೆ ಕಾರ್ಬೊರೇಟರ್.
ಪೆಟ್ರೋಲು: ಲೀಟರಿಗೆ ನಾಲ್ಕೇ ಮೈಲಿ,
ಅದೂ ಇಳಿಜಾರಿದ್ದರೆ.

ಹೆಡ್ ಗ್ಯಾಸ್ಕೆಟ್ ಊರಲ್ಲೆಲ್ಲೂ ಇಲ್ಲ.
ಮಂಡಿ ಮೊಹಲ್ಲಾದ ಗೌಸ್ ಪೀರ್ ಸಾಬರು
ಬಚ್ಚಲಿಗೆ ಬಂದು ನನ್ನ ತವರಿನ ಹಂಡೆಯನ್ನು
ಬೆರಳಲ್ಲಿ ತಟ್ಟಿದರು. "ಒಳ್ಳೆ ತಾಮ್ರ, ಅಮ್ಮಾ."
ಇವರು ಗೋಡೆ ನೋಡುತ್ತಿದ್ದರು.
ಕೂಲಿ ಮೂರು ಸಾವಿರ.
ಹಂಡೆಯ ಮುಂದೆ ಬರೀ ಗೆರೆ ಎಳೆದೆ.

ಬೆಟ್ಟದಲ್ಲಿ, ನಂದಿ ಇನ್ನೂ ದೂರವಿರುವಾಗಲೇ,
ಕೂತುಬಿಟ್ಟಿತು. ಬಾನೆಟ್ ಎತ್ತಿದರೆ
ಹಬೆ, ಅರಿಶಿನ, ಬಿಸಿ ತಾಮ್ರ:
ಎಣ್ಣೆನೀರಿನ ಭಾನುವಾರದ ವಾಸನೆ,
ಅವ್ವ ಚೊಂಬು ಹಿಡಿದು ನಿಂತಂತೆ.

"ಆರಲಿ ಬಿಡಿ, ಏನವಸರ" ಅಂದೆ.
ಎಳೆದು ತಂದ ಲಾರಿಯ ಬಾಡಿಗೆ
ಇನ್ನೂ ಬರೆದಿಲ್ಲ.