ಸಾಲು ತಪ್ಪಿದವು

ಸಾಲೂಮ್ ಅಳಿವೆ, ಸೆನೆಗಲ್

ಚಪ್ಪಲಿ ದೋಣಿಯಲ್ಲೇ ಬಿಡು, ಸಿಗಾ.
ಈ ಕೆಸರು ಚಪ್ಪಲಿ ನುಂಗುತ್ತದೆ, ಕಾಲನ್ನು ವಾಪಸು ಕೊಡುತ್ತದೆ.
ಹೆಬ್ಬೆರಳು ಮೊದಲು ಊರು, ಆಮೇಲೆ ಹಿಮ್ಮಡಿ.
ಪೇಟೆಯಿಂದ ಬಂದ ಸೊಸೆ ಎಂದು
ಇಳಿತ ನಿನಗಾಗಿ ಕಾಯುವುದಿಲ್ಲ,
ನಮಗಿರುವುದು ಮೂರು ತಾಸು.

ಸಿಂಪಿ ಬೇರಿಗೆ ಕಚ್ಚಿಕೊಂಡಿದೆ, ನೋಡು,
ಒಂದರ ಮೇಲೊಂದು, ಬಾಯಿ ಬಿಗಿದು,
ಬಡ್ಡಿಗೆ ಹಣ ಕೊಡುವವನ ಮುಷ್ಟಿಯ ಹಾಗೆ.
ಬೇರು ಕಡಿಯಬೇಡ.
ಚೂರಿಯ ಮೊನೆ ಇಲ್ಲಿ, ಬುಡಕ್ಕೆ, ಒಂದು ತಿರುವು.
ಹಾಂ. ಸಣ್ಣದನ್ನು ಬಿಡು.
ನಿನ್ನ ಹೆಬ್ಬೆರಳಿಗಿಂತ ಗಿಡ್ಡವಾದರೆ
ಅದು ಮುಂದಿನ ವರ್ಷದ್ದು.

ನಾವು ಕಡಿದೆವು.
ನಾನೂ ತೆನಿಂಗೂ, ಮಚ್ಚಿನಿಂದ, ಬೇರು ಸಹಿತ,
ಹೊರೆ ಹೊರೆ.
ಸಿಂಪಿ ಒಲೆಯ ಮೇಲೆ, ಬೇರು ಒಲೆಯ ಒಳಗೆ,
ಎಂಥ ಸುಲಭದ ಅಡುಗೆ!
ಮಳೆ ಕೈಕೊಟ್ಟ ವರ್ಷಗಳವು, ನದಿಯೇ ಉಪ್ಪಾಗಿತ್ತು.
ಕಾಂಡ್ಲಾ ಕಾಡನ್ನು ಅರ್ಧ ನಾವು ಕೊಂದೆವು, ಅರ್ಧ ಉಪ್ಪು.
ಯಾವ ಅರ್ಧ ಯಾರದೆಂದು
ತೆನಿಂಗ್ ಸಾಯುವ ತನಕ ನನ್ನೊಡನೆ ಜಗಳವಾಡಿದಳು.

ಆಮೇಲೆ ಮೀನು ಬರಲಿಲ್ಲ.
ನನಗೇನು ಗೊತ್ತಿತ್ತು,
ಬೇರಿನ ಸಂದಿಯಲ್ಲಿ ಉಗುರಿನಷ್ಟು ಮರಿಗಳು
ದೊಡ್ಡ ಬಾಯಿಗಳಿಂದ ಅಡಗಿ ಬೆಳೆಯುತ್ತವೆಂದು?
ಉದುರಿದ ಎಲೆಯನ್ನು ಏಡಿ ಬಿಲಕ್ಕೆಳೆದು
ಅರೆದು, ಉಗಿದು, ಹೇತು,
ಅದನ್ನು ಕಣ್ಣಿಗೆ ಕಾಣದವು ತಿಂದು,
ಅವನ್ನು ಸಿಗಡಿ, ಸಿಗಡಿಯನ್ನು ಮರಿ,
ಮರಿ ದೊಡ್ಡದಾಗಿ
ನಿನ್ನ ಗಂಡನ ಬಲೆಗೆ.
ನಿನ್ನ ಗಂಡ, ಸಿಗಾ, ಎಲೆ ತಿಂದು ಬೆಳೆದವನು.
ನಗಬೇಡ, ಕಾಲು ಜಾರುತ್ತದೆ.

ಬಿಳಿ ಜೀಪಿನಲ್ಲಿ ಬಂದವರು ಟೀ ಶರ್ಟ್ ಹಂಚಿದರು.
ಹಳದಿ. ನನ್ನದು ಈಗ ಒಲೆಯ ಮಸಿಬಟ್ಟೆ.
ಹಗ್ಗ ಹಿಡಿದು ಸಾಲು ಎಳೆದೆವು,
ನುಗ್ಗೆಕಾಯಿಯಂಥ ಉದ್ದ ಕಾಯಿಗಳನ್ನು
ಮೊಳಕ್ಕೊಂದರಂತೆ ಚುಚ್ಚಿದೆವು,
ಇಡೀ ಊರು, ಮೂರು ದಿನ, ಡೋಲು ಸಹಿತ.
ಲೆಕ್ಕ ಬರೆದುಕೊಂಡರು: ನಲವತ್ತು ಸಾವಿರ.
ಫೋಟೋದಲ್ಲಿ ನಾನಿದ್ದೇನೆ, ಕಣ್ಣು ಮುಚ್ಚಿಕೊಂಡು.

ಎರಡನೆಯ ಬೇಸಗೆಗೆ ನಲವತ್ತು ಸಾವಿರ ಕಡ್ಡಿ.

ತೆನಿಂಗ್ ಅಲ್ಲೇ ಕುಕ್ಕರಗಾಲಲ್ಲಿ ಕೂತು ಅಂದಳು:
“ಇಲ್ಲಿ ಏಡಿಯ ಬಿಲವೇ ಇಲ್ಲವಲ್ಲೇ.”
ಅಷ್ಟೆ.
ಏಡಿ ಯಾಕಿಲ್ಲ? ನೀರು ಬಂದು ಹೋಗುವುದಿಲ್ಲ.
ನೀರು ಯಾಕೆ ಬರುವುದಿಲ್ಲ?
ಎದ್ದು ನಡೆದೆವು, ಒಣಗಿದ ತೋಡಿನ ಜಾಡು ಹಿಡಿದು,
ಇಬ್ಬರೂ ಮಾತಿಲ್ಲದೆ, ನಡೆದು ನಡೆದು ಮುಟ್ಟಿದ್ದು
ಉಪ್ಪಿನ ಲಾರಿಗೆಂದು ಹಾಕಿದ ಹಳೆಯ ಒಡ್ಡನ್ನು.
ಲಾರಿ ನಿಂತು ಹನ್ನೆರಡು ವರ್ಷ.
ಒಡ್ಡು ನಿಂತೇ ಇತ್ತು.

ಅದಕ್ಕೆ ಜೀಪು ಬರಲಿಲ್ಲ.
ಹನ್ನೊಂದು ಹೆಂಗಸರು, ನಾಲ್ಕು ಗುದ್ದಲಿ,
ಉಳಿದವರಿಗೆ ಅನ್ನದ ಬೋಗುಣಿ.
ಹುಣ್ಣಿಮೆಯ ಉಬ್ಬರಕ್ಕೆ ಮುಂಚೆ ಒಂದು ಮಾರು ಒಡೆದೆವು.
ನೀರು ಮೊದಲು ನಾಯಿಯ ಹಾಗೆ ಮೂಸಿತು,
ಆಮೇಲೆ ಒಳಗೆ ಬಂತು,
ತವರಿಗೆ ಬಂದವಳ ಹಾಗೆ, ಯಾರನ್ನೂ ಕೇಳದೆ.

ಮೊದಲು ಏಡಿ.
ಆಮೇಲೊಂದು ಮಳೆಗಾಲ ಕಳೆದು ಕಾಯಿಗಳು,
ಎಲ್ಲಿಂದಲೋ ತೇಲಿ, ತಮಗೆ ಬೇಕಾದಲ್ಲಿ ಊರಿ,
ಇಲ್ಲಿ ಎರಡು, ಅಲ್ಲಿ ಒಂದು, ಆಚೆ ಒಂದು ಗುಂಪು
ಜಾತ್ರೆಯಲ್ಲಿ ಹರಟುವವರಂತೆ.
ಸಾಲು ಎನ್ನುವುದೇ ಇಲ್ಲ.
ಇದೋ, ಇದು ನಿನ್ನ ಭುಜ ಮೀರಿದೆ.

ಎಷ್ಟು ನೆಟ್ಟಿರಿ ಅಮ್ಮ, ಎಂದು ಈಗ ಕೇಳಲು ಬರುತ್ತಾರೆ.
ಒಂದೂ ಇಲ್ಲ ಅನ್ನುತ್ತೇನೆ.
ಬರೆಯುವವನ ಪೆನ್ನು ನಿಲ್ಲುತ್ತದೆ.
ಅಗೆದದ್ದಕ್ಕೆ ಅವನ ಕಾಗದದಲ್ಲಿ ಜಾಗವಿಲ್ಲ.

ಸಾಕು. ಬುಟ್ಟಿ ಮುಕ್ಕಾಲೇ ಇರಲಿ.
ನಾಳೆಯಿಂದ ಸಿಂಪಿಗೆ ರಜೆ, ಮಳೆ ಮುಗಿಯುವ ತನಕ,
ಹೊಟ್ಟೆ ಕೇಳಿದರೂ ಇಲ್ಲ, ಅತ್ತೆ ಕೇಳಿದರೂ ಇಲ್ಲ.
ಹಿಮ್ಮಡಿಗೆ ತಣ್ಣಗಾಯಿತೇ? ಉಬ್ಬರ.
ನಡಿ.

ಒಂದೇ ಚಪ್ಪಲಿ ಇದೆಯಲ್ಲ?
ದೋಣಿಯಲ್ಲೇ ಬಿಡು ಅಂದಿದ್ದೆ.