ವ್ಯಾಸಂಗ ಮಾಡಿರುವುದಿಲ್ಲ

ಪಾಲಿಟೆಕ್ನಿಕ್ಕಿನ ಗೇಟಿನೆದುರು ಹೊಂಗೆ ಮರದಡಿ ನನ್ನ ಆಫೀಸು.
ಒಂದು ನೀಲಿ ಕೊಡೆ, ಒಂದು ಲ್ಯಾಪ್‌ಟಾಪು,
ಆಟೋ ಬ್ಯಾಟರಿಯಲ್ಲಿ ಓಡುವ ಪ್ರಿಂಟರು.
ಕೆ.ಆರ್. ಸರ್ಕಲ್ಲಿನ ಹೊಗೆ ಕುಡಿದು
ಅದರ ಗಂಟಲೂ ನನ್ನದರಂತೆಯೇ ಗೊರಗೊರ.

ಜೂನ್ ಬಂತೆಂದರೆ ನನಗೆ ಸುಗ್ಗಿ.
ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು.
ಲ್ಯಾಟರಲ್ ಎಂಟ್ರಿ ಅನ್ನುತ್ತಾರೆ.
ನಾನು ಪಕ್ಕದ ಬಾಗಿಲು ಅನ್ನುತ್ತೇನೆ;
ದೊಡ್ಡ ಮನೆಗಳಲ್ಲಿ ಇರುತ್ತದಲ್ಲ,
ಪಾತ್ರೆಯವಳು ಬಂದು ಹೋಗುವ ಬಾಗಿಲು,
ಅದು.

ಓದು ನಿಂತು ಓದು ಶುರುವಾಗುವ ನಡುವೆ
ವರ್ಷ ಖಾಲಿ ಬಿದ್ದವರಿಗೆ ಗ್ಯಾಪ್ ಅಫಿಡವಿಟ್ಟು ಬೇಕು.
ನನ್ನ ಹತ್ತಿರ ಅದರ ಅಚ್ಚಿದೆ.
ಹೆಸರು, ತಂದೆ ಹೆಸರು, ಇಸವಿ ಬದಲಿಸಿದರೆ ಮುಗಿಯಿತು:
‘ಸದರಿ ಅವಧಿಯಲ್ಲಿ ನಾನು ಎಲ್ಲಿಯೂ
ಯಾವುದೇ ವ್ಯಾಸಂಗ ಮಾಡಿರುವುದಿಲ್ಲವೆಂದು
ಸತ್ಯಪ್ರಮಾಣ ಮಾಡಿ ಹೇಳುತ್ತೇನೆ.’

ಮುನಿಲಕ್ಷ್ಮಿ, ತಂದೆ ಬೈಲಪ್ಪ, ಲಗ್ಗೆರೆ.
ಟರ್ನರ್ ಟ್ರೇಡು. ಆರು ವರ್ಷ ಗ್ಯಾಪು.
ಎಷ್ಟು ತೊಳೆದರೂ ಬಿಡದ ಕೂಲೆಂಟಿನ ವಾಸನೆ,
ಬಳೆಯಿಲ್ಲದ ಕೈ. ಲೇತಿನ ಮುಂದೆ ಬಳೆ ಕೂಡದಂತೆ.

ಆರು ವರ್ಷ ಏನು ಮಾಡ್ತಿದ್ದೆ?
ಟೈಪು ಮಾಡಲಿಕ್ಕಲ್ಲ, ಸುಮ್ಮನೆ ಕೇಳಿದೆ.

ಪೀಣ್ಯದಲ್ಲಿ ಅಕ್ಕಾ, ಸೆಕೆಂಡ್ ಸ್ಟೇಜು. ಮೊದಲು ಬುಷ್ಷು,
ಆಮೇಲೆ ಪಂಪಿನ ಶಾಫ್ಟು.
ಹತ್ತು ಮೈಕ್ರಾನ್ ಜಾಸ್ತಿ ಹೋದ್ರೆ ಇಡೀ ಲಾಟು ವಾಪಸ್ಸು.
ನಿಮ್ಮ ತಲೆಗೂದಲನ್ನ ಉದ್ದಕ್ಕೆ ಏಳು ಸೀಳು ಸೀಳಿದರೆ
ಅದರಲ್ಲೊಂದು ಸೀಳು, ಅಷ್ಟು.
ಟೂಲು ಮೊಂಡಾಗಿದ್ದು ಸದ್ದಲ್ಲೇ ಗೊತ್ತಾಗತ್ತೆ.
ಹೊಸದಾಗಿ ಬರೋ ಡಿಪ್ಲೊಮಾ ಹುಡುಗರಿಗೆ ನಾನೇ ಹೇಳಿಕೊಡೋದು,
ಮೂರು ತಿಂಗಳಿಗೆ ಅವರು ಸೂಪರ್‌ವೈಸರು.
ಆಮೇಲೆ ನಾನು ಅವರಿಗೆ ಗುಡ್ ಮಾರ್ನಿಂಗು.

‘ಯಾವುದೇ ವ್ಯಾಸಂಗ’ ಅನ್ನುವಲ್ಲಿಗೆ ಬಂದು
ನನ್ನ ಬೆರಳು ನಿಂತಿತು.
ಆಣೆ ಇಡಿಸಿ ಸುಳ್ಳು ಹೇಳಿಸುವ ಕೆಲಸ
ಎಷ್ಟು ವರ್ಷದಿಂದ ಮಾಡುತ್ತಿದ್ದೇನೆ ನಾನು?

ಆದರೂ, ಆ ವಾಕ್ಯವನ್ನು ಪೂರಾ ಬೈಯಲಾರೆ.
ಹೋದ ವರ್ಷ ಒಬ್ಬ ಹುಡುಗ ಬಂದಿದ್ದ,
ಎರಡು ವರ್ಷ ಜೈಲಲ್ಲಿದ್ದವನು.
ಅದನ್ನೂ ಬರೀಬೇಕಾ ಅಕ್ಕಾ, ಎಂದು ನೆಲ ನೋಡಿ ಕೇಳಿದ.
ಬೇಡಪ್ಪಾ, ಇದರಲ್ಲಿ ಜಾಗವೇ ಇಲ್ಲ, ಎಂದೆ.
ಅವನು ಉಸಿರು ಬಿಟ್ಟಿದ್ದು
ಬಸ್ಸುಗಳ ನಡುವೆಯೂ ಕೇಳಿಸಿತ್ತು.

ಮುನಿಲಕ್ಷ್ಮಿಗಾಗಿ ಒಂದು ಸಾಲು ಸೇರಿಸಿದೆ:
‘ಆದಾಗ್ಯೂ, ಸದರಿ ಅವಧಿಯಲ್ಲಿ ನಾನು
ಕಬ್ಬಿಣದ ಮಾತು ಕೇಳಲು ಕಲಿತಿರುತ್ತೇನೆ.’
ಸ್ಕೂಟರಿನ ಸೀಟಿನ ಮೇಲೆ ಸೀಲು ಹರಡಿಕೊಂಡಿದ್ದ
ನೋಟರಿ ಶೇಷಗಿರಿ ಪರದೆಗೆ ಬಗ್ಗಿದರು.
ಏನಮ್ಮಾ ಇದು, ಹರಿಕತೆನಾ? ಅಳಿಸು, ಅಳಿಸು.
ಅಳಿಸಿದೆ. ಒಂದೊಂದೇ ಅಕ್ಷರ, ಹಿಂದಿನಿಂದ.

ಪ್ರಿಂಟು ಬಂತು. ಅವಳು ಓದಲಿಲ್ಲ,
ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಳು.
ಓರೆ ಇದೆ ಅಕ್ಕಾ. ಅರ್ಧ ಮಿಲ್ಲಿ ಇರಬೇಕು.
ನಕ್ಕೆ. ಅವಳು ಬ್ಯಾಗಿನಿಂದ ಸ್ಟೀಲ್ ಸ್ಕೇಲು ತೆಗೆದು ಇಟ್ಟಳು:
ಆ ಕಡೆ ಇಪ್ಪತ್ತೈದು,
ಈ ಕಡೆ ಇಪ್ಪತ್ತೈದೂವರೆ.
ಟ್ರೇ ಎಳೆದು, ಒಳಗಿನ ಪಟ್ಟಿಯನ್ನು
ಉಗುರಿನಿಂದ ಒಂಚೂರು ನೂಕಿದಳು.
ಅಂದರೆ ಇಷ್ಟು ವರ್ಷ ನಾನು ಕಳಿಸಿದವರೆಲ್ಲ
ಓರೆಯಾಗಿಯೇ ಒಳಗೆ ಹೋದರು.

ನಾಲ್ಕು ಗಂಟೆಗೆ ಫೀಸಿನ ಕೌಂಟರು ಮುಚ್ಚುತ್ತದೆ. ಓಡಿದಳು.
ಸ್ಕೇಲು ಮರೆತು ಹೋದಳು.
ಸೀಟು ಸಿಕ್ಕಿತೋ ಇಲ್ಲವೋ.
ಸಿಕ್ಕವರು ನನ್ನ ಕಡೆ ತಿರುಗಿ ಬರುವುದಿಲ್ಲ;
ಸಿಗದವರು ಮುಂದಿನ ಜೂನಿಗೆ ಬರುತ್ತಾರೆ,
ಗ್ಯಾಪಿಗೆ ಒಂದು ಕೂಡಿಸಿಕೊಂಡು.

ಸ್ಕೇಲು ಪ್ರಿಂಟರಿನ ಮೇಲೆ ಹಾಗೇ ಇದೆ.
ಈಗ ಪ್ರತಿ ಹಾಳೆಯೂ ನೆಟ್ಟಗೆ ಬರುತ್ತದೆ,
ಅಂಚಿಗೆ ಅಂಚು, ಕೂದಲೆಳೆಯಷ್ಟೂ ತಪ್ಪದೆ:
ಎಲ್ಲಿಯೂ, ಯಾವುದೇ
ವ್ಯಾಸಂಗ ಮಾಡಿರುವುದಿಲ್ಲ.